ಕ್ರೂಸ್ ಕಂಟ್ರೋಲ್ ರಿಪೇರಿ, ಮತ್ತೆ ಮ್ಯಾಟ್ ಮೇಲಿನ ಹಳದಿ ಚೂರು

ಕೊಡಗಲ್ಲಿ ಕೂತ್ಕೊಂಡು ನನ್ ಕಾರಿನ ಕ್ರೂಸ್ ಕಂಟ್ರೋಲ್, ಅಂದ್ರೆ ಆಕ್ಸಿಲರೇಟರಿಂದ ಕಾಲು ತೆಗೆದ್ರೂ ಗಾಡಿ ಒಂದೇ ಸ್ಪೀಡಲ್ಲಿ ಹೋಗೋ ಹಂಗೆ ಮಾಡೋದು, ಕೆಟ್ಟೋಗಿದೆ ಅಂದ್ರೆ ಯಾರಾದ್ರೂ ನಗ್ತಾರೆ. ನಮ್ಮನೇಲೂ ನಕ್ರು. ಪಕ್ಕದ ತೋಟದ ಮಾವ ಒಬ್ರಿದಾರೆ, ಅವ್ರ ಹತ್ರ ನಲವತ್ತು ವರ್ಷದ ಹಳೇ ಜೀಪು, ಅದಕ್ಕೇ ನಾವೆಲ್ಲ ಅವ್ರನ್ನ ಜೀಪ್ ಮಾವ ಅನ್ನೋದು, ಅವ್ರಂತೂ "ಎಂತ ಮಾರಾಯ, ಇಲ್ಲಿ ಫರ್ಲಾಂಗಿಗೊಂದು ತಿರುವು, ಎರಡು ತಿರುವಿಗೊಂದು ಹಸು, ನಿಂಗೆ ಅದು ಎಂತಕ್ಕೆ?" ಅಂದ್ರು. ಮಾತು ಸರಿನೇ. ಸುಂಟಿಕೊಪ್ಪದಿಂದ ಮಡಿಕೇರಿ ಕಡೆ ಹೋಗೋ ರೋಡಲ್ಲಿ ಆ ಬಟನ್ ಒತ್ತೋ ಧೈರ್ಯ ನಂಗೂ ಇಲ್ಲ. ಆದ್ರೆ ನಂಗೆ ಅದು ಬೇಕಿರೋದು ಇಲ್ಲಿಗಲ್ಲ. ತಿಂಗಳಿಗೆ ಎರಡು ಸಲ ಬೆಂಗ್ಳೂರಿಗೆ ಹೋಗ್ಲೇಬೇಕು, ನಮ್ಮ ಜಿಲ್ಲೆಗೆ ರೈಲಂತೂ ಇಲ್ಲ, ಬಸ್ಸಲ್ಲಿ ಹೋಗಿ ಬಂದ್ರೆ ಎರಡು ದಿನ ಸೊಂಟ ನೆಟ್ಟಗಾಗಲ್ಲ, ಹಂಗಾಗಿ ಕಾರೇ ಗತಿ. ಎರಡು ವರ್ಷದ ಹಿಂದೆ ಮೆಣಸು ಕುಯ್ಯುವಾಗ ಏಣಿ ಜಾರಿ ಬಲಗಾಲಿನ ಹಿಮ್ಮಡಿಗೆ ಏಟು ಮಾಡ್ಕೊಂಡಿದ್ದೆ, ಡಾಕ್ಟ್ರು ಪೂರ್ತಿ ವಾಸಿ ಆಗಿದೆ ಅಂತಾರೆ, ಆದ್ರೆ ಆಕ್ಸಿಲರೇಟರ್ ಮೇಲೆ ಒಂದೇ ಥರ ಒಂದು ಗಂಟೆ ಪಾದ ಇಟ್ಕೊಂಡು ಕೂತಾಗ ವಾಸಿ ಆಗಿದ್ಯೋ ಇಲ್ವೋ ಅನ್ನೋದು ಡಾಕ್ಟ್ರಿಗಿಂತ ನಂಗೆ ಚೆನ್ನಾಗಿ ಗೊತ್ತಾಗುತ್ತೆ. ಬೆಂಗ್ಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಸುಮಾರು 119 ಕಿಲೋಮೀಟ್ರು, ಕಾರಿಗೆ 100ರ ಲಿಮಿಟ್ಟು, ಅಲ್ಲಿ 90ಕ್ಕೆ ಸೆಟ್ ಮಾಡಿ ಕಾಲು ಚಾಚ್ಕೊಂಡು ಕೂತ್ರೆ ಅದೇ ನಂಗೆ ಫಿಸಿಯೋಥೆರಪಿ.

ಶುರುವಾಗಿದ್ದು ಹೋದ ಬೇಸಿಗೇಲಿ. ಚನ್ನಪಟ್ಟಣ ಬೈಪಾಸ್ ಹತ್ರ ಸೇತುವೆ ಜಾಯಿಂಟ್ ಮೇಲೆ ಗಾಡಿ ಟಕ್ ಅಂತ ಕುಣೀತು, ಅದೇ ಟೈಮಿಗೆ ಕ್ರೂಸು ತಾನಾಗೇ ಬಿಟ್ಟೋಯ್ತು. ಬ್ರೇಕ್ ಮುಟ್ಟಿಲ್ಲ, ಎಂತದೂ ಮುಟ್ಟಿಲ್ಲ. ಗಾಡಿ ಎಳೆಯೋದು ನಿಲ್ಸಿ ನಿಧಾನ ಆಗೋಕೆ ಶುರುವಾಯ್ತು, ಹಿಂದಿನವ್ನು ಹೈ ಬೀಮ್ ಹೊಡ್ದ. ರೆಸ್ಯೂಮ್ ಒತ್ತಿದ್ರೆ ಮತ್ತೆ ಹಿಡ್ಕೊಳ್ತು, ನಾನೂ ಮರೆತುಬಿಟ್ಟೆ. ಮುಂದಿನ ಟ್ರಿಪ್ಪಲ್ಲಿ ಎರಡು ಸಲ ಬಿಡ್ತು, ಅದರ ಮುಂದಿನ ಸಲ ಲೆಕ್ಕ ಇಟ್ಟಿಲ್ಲ. ಮಳೆಗಾಲ ಬರೋ ಹೊತ್ತಿಗೆ ಪೂರ್ತಿ ಕೈ ಕೊಡ್ತು. ಸ್ಟೀರಿಂಗ್ ಮೇಲಿನ ಮೇನ್ ಬಟನ್ ಒತ್ತಿದ್ರೆ ಮೀಟರಲ್ಲಿ ಕ್ರೂಸ್ ಅಂತ ಬಿಳಿ ದೀಪ ಬರುತ್ತೆ, ಆದ್ರೆ ಸೆಟ್ ಒತ್ತಿದ್ರೆ ಅದು ಹಸಿರಾಗಲ್ಲ, ಸ್ಪೀಡ್ ನಂಬರ್ ಬರಲ್ಲ. ನೂರು ಸಲ ಒತ್ತಿದೀನಿ, ಮೆತ್ತಗೆ, ಜೋರಾಗಿ, ಬೈಕೊಂಡು, ಬೇಡ್ಕೊಂಡು. ಇನ್ನೊಂದು ವಿಷ್ಯ, ಅದೇ ಬೇಸಿಗೇಲೇ ಸಿಗ್ನಲಲ್ಲಿ ಎಂಜಿನ್ ತಾನಾಗೇ ಆಫ್ ಆಗೋ ಆ ಸ್ಟಾರ್ಟ್-ಸ್ಟಾಪ್ ಕಾಟಾನೂ ನಿಂತೋಯ್ತು. ಬ್ಯಾಟ್ರಿ ವೀಕ್ ಆಗಿರ್ಬೇಕು, ಒಳ್ಳೇದೇ ಆಯ್ತು ಅಂತ ಖುಷಿ ಪಟ್ಟು ಸುಮ್ನಿದ್ದೆ. ಇದನ್ನ ಸುಮ್ನೆ ಹೇಳಿರ್ತೀನಿ.

ವಾರಂಟಿ ಮುಗಿದು ಕಾಲ ಆಗಿದೆ. ಆದ್ರೂ ಆಯಿಲ್ ಚೇಂಜಿಗೆ ಅಂತ ಒಂದು ಸರ್ವಿಸ್ ಸೆಂಟರಿಗೆ ಬಿಟ್ಟಾಗ ಇದನ್ನೂ ಹೇಳ್ದೆ. ಯಾವ ಊರು ಯಾವ ಕಂಪ್ನಿ ಅಂತ ಬೇಡ, ಅಲ್ಲಿದ್ದ ಹುಡುಗ ಪಾಪ ಒಳ್ಳೆಯವ್ನೇ. ಸಂಜೆ ಫೋನ್ ಮಾಡಿ "ಸಾರ್, ಸ್ಕ್ಯಾನ್ ಮಾಡಿದ್ವಿ, ಎರರ್ ಎಂತದೂ ಇಲ್ಲ, ಸ್ಟೀರಿಂಗ್ ಸ್ವಿಚ್ ಹೋಗಿರ್ಬೇಕು, ಇಲ್ಲಾಂದ್ರೆ ಕ್ಲಾಕ್ ಸ್ಪ್ರಿಂಗು, ಎರಡೂ ಚೇಂಜ್ ಮಾಡಿ ನೋಡೋಣ, ಲೇಬರ್ ಸೇರಿ 16,500 ಆಗುತ್ತೆ" ಅಂದ. ನಂಗೆ ದುಡ್ಡಿಗಿಂತ ಜಾಸ್ತಿ ತಲೆ ಕೆಡಿಸಿದ್ದು ಆ "ಮಾಡಿ ನೋಡೋಣ" ಅನ್ನೋ ಮಾತು. ಚೇಂಜ್ ಮಾಡಿದ್ಮೇಲೂ ಸರಿ ಹೋಗ್ಲಿಲ್ಲ ಅಂದ್ರೆ ಅಂತ ಕೇಳ್ದೆ, ಆವಾಗ ವೈರಿಂಗ್ ನೋಡ್ಬೇಕಾಗುತ್ತೆ ಸಾರ್ ಅಂದ. ಅಂದ್ರೆ ಕಾಯ್ಲೆ ಗೊತ್ತಿಲ್ಲ, ಔಷಧಿ ಮಾತ್ರ ರೆಡಿ ಇದೆ. ಬೇಡಪ್ಪ, ಆಯಿಲ್ ಹಾಕಿ ಕೊಡಿ ಸಾಕು ಅಂತ ಗಾಡಿ ತಂದೆ.

ಜುಲೈ ತಿಂಗ್ಳು, ಹೊರಗೆ ಮಳೆ ಹಿಡ್ಕೊಂಡು ಕೂತಿದೆ, ತೋಟದಲ್ಲಿ ಕೆಲಸ ಇಲ್ಲ, ಕರೆಂಟು ಬಂದ್ರೆ ಬಂತು ಹೋದ್ರೆ ಹೋಯ್ತು. ನಾನೇ ನೋಡೋಣ ಅಂತ ಕೂತೆ. ನಾನು ಮೆಕ್ಯಾನಿಕ್ ಅಲ್ಲ, ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಿ ಜೋಡಿಸೋಷ್ಟು ಮಾತ್ರ ಗೊತ್ತು, ಮನೇಲೊಂದು ಮಲ್ಟಿಮೀಟರ್ ಇದೆ ಅಷ್ಟೇ.

ಮೊದಲು ಅದು ಹೆಂಗೆ ಕೆಲಸ ಮಾಡುತ್ತೆ ಅಂತ ಓದ್ಕೊಂಡೆ. ಹಳೇ ಕಾಲದ ಗಾಡಿಗಳಲ್ಲಿ ಕ್ರೂಸಿಗೇ ಅಂತ ಬೇರೆ ಒಂದು ಡಬ್ಬ ಇರ್ತಿತ್ತು, ಎಂಜಿನ್ನಿನ ವ್ಯಾಕ್ಯೂಮಿಂದ ಒಳಗಿನ ರಬ್ಬರ್ ಪೊರೆ ಎಳ್ಕೊಂಡು ಅದು ಕೇಬಲ್ ಎಳೆದು ಥ್ರಾಟಲ್, ಅಂದ್ರೆ ಎಂಜಿನ್ನಿಗೆ ಗಾಳಿ ಬಿಡೋ ಬಾಗ್ಲು, ತೆರೀತಿತ್ತು. ಈಗ ಅದ್ಯಾವುದೂ ಇಲ್ಲ. ಈಗಿನ ಗಾಡೀಲಿ ಆಕ್ಸಿಲರೇಟರಿಗೂ ಎಂಜಿನ್ನಿಗೂ ಮಧ್ಯ ಕೇಬಲ್ಲೇ ಇಲ್ಲ, ಪೆಡಲಲ್ಲಿ ಒಂದು ಸೆನ್ಸರು, ಅದು ಎಷ್ಟು ಒತ್ತಿದಾರೆ ಅಂತ ಇಸಿಯುಗೆ, ಅಂದ್ರೆ ಎಂಜಿನ್ ನಡೆಸೋ ಕಂಪ್ಯೂಟರಿಗೆ, ಹೇಳುತ್ತೆ, ಇಸಿಯು ಒಂದು ಸಣ್ಣ ಮೋಟ್ರಿಗೆ ಹೇಳಿ ಥ್ರಾಟಲ್ ತೆರೆಸುತ್ತೆ. ಹಂಗಾಗಿ ಕ್ರೂಸು ಅಂದ್ರೆ ಬೇರೆ ಪಾರ್ಟ್ ಅಲ್ಲ, ಬರೀ ಸಾಫ್ಟ್‌ವೇರು. ಕೆಡೋಕೆ ಅಲ್ಲಿ ಎಂತದೂ ಇಲ್ಲ, ಕೆಟ್ರೆ ಅದಕ್ಕೆ ಸುದ್ದಿ ಮುಟ್ಟಿಸೋರು ಕೆಡ್ಬೇಕು. ನಮ್ಮ ಕಡೆ ಮದ್ವೆ ಮಾತುಕತೆ ಥರ, ಹುಡುಗ ಹುಡುಗಿ ಒಪ್ಪಿದ್ರೂ ಮೂಲೇಲಿ ಕೂತಿರೋ ಒಬ್ಬ ದೊಡ್ಡಪ್ಪ ಬೇಡ ಅಂದ್ರೆ ಮುಗೀತು. ಇಲ್ಲಿ ಒಪ್ಪಬೇಕಾದೋರು ಯಾರ್ಯಾರು ಅಂದ್ರೆ ಸ್ಟೀರಿಂಗ್ ಬಟನ್ನು, ಬ್ರೇಕ್ ಪೆಡಲಿನ ಸ್ವಿಚ್ಚು, ಕ್ಲಚ್ ಪೆಡಲಿನ ಸ್ವಿಚ್ಚು, ಸ್ಪೀಡ್ ಸೆನ್ಸರು. ನನ್ನದು ಪೆಟ್ರೋಲ್ ಮ್ಯಾನ್ಯುಯಲ್ ಗಾಡಿ, ಬುಕ್ಕಲ್ಲಿ 40ರ ಮೇಲೆ ಮಾತ್ರ ಸೆಟ್ ಆಗುತ್ತೆ ಅಂತಿದೆ. ಇವರಲ್ಲಿ ಬೇಡ ಅಂತಿರೋ ದೊಡ್ಡಪ್ಪ ಯಾರು ಅಂತ ಹುಡುಕೋದೇ ಕೆಲಸ.

ಹುಡುಕೋಕೆ ಮುಂಚೆ ಗಾಡಿ ಒಳಗೆ ಗುಡ್ಸಿದೆ, ಕೆಸರು, ಕಾಫಿ ಎಲೆ, ಸತ್ತ ಜಿಗಣೆ ಎಲ್ಲಾ ಇತ್ತು. ಡ್ರೈವರ್ ಸೈಡ್ ಮ್ಯಾಟ್ ಮೇಲೆ ಹಳದಿ ಬಣ್ಣದ ಸಣ್ಣ ಸಣ್ಣ ಚೂರು ಬಿದ್ದಿತ್ತು, ಬೆರಳಲ್ಲಿ ಒತ್ತಿದ್ರೆ ಹಳೇ ಬಿಸ್ಕತ್ತಿನ ಹಂಗೆ ಪುಡಿ ಆಗ್ತಿತ್ತು. ರಜಕ್ಕೆ ಬಂದಿರೋ ಅಕ್ಕನ ಮಗ, ಆರು ವರ್ಷ, ದಿನಾ ಕಾರಲ್ಲಿ ಕೂತು ಡ್ರೈವರ್ ಆಟ ಆಡ್ತಾನೆ, ಕೈಯಲ್ಲಿ ಯಾವಾಗ್ಲೂ ಕ್ರಯಾನು. ಅವನನ್ನ ಕರ್ದು ಗಾಡೀಲಿ ಕ್ರಯಾನ್ ಪುಡಿ ಮಾಡ್ತೀಯಾ ಅಂತ ಚೆನ್ನಾಗಿ ಬೈದೆ. "ಮಾವ, ನಾನೇನೂ ಮಾಡಿಲ್ಲ" ಅಂತ ಕಣ್ಣಲ್ಲಿ ನೀರು ತುಂಬ್ಕೊಂಡ. ಅಕ್ಕ ಒಳಗಿಂದ ಕ್ರಯಾನ್ ಡಬ್ಬ ತಂದು ಮುಂದೆ ಹಿಡಿದ್ಳು, "ಲೋ, ಹಳದಿ ಇಲ್ಲೇ ಇದೆ ನೋಡು, ಮುರ್ದೇ ಇಲ್ಲ, ಸುಮ್ನೆ ಮಗೂಗೆ ಯಾಕೋ ಬೈತೀಯ" ಅಂತ. ನಾನು ಹೂಂ ಅಂದು ಚೂರನ್ನೆಲ್ಲ ಗುಡ್ಸಿ ಅಂಗಳದಾಚೆ ಬಿಸಾಕ್ದೆ. ಪತ್ತೇದಾರಿ ಮಾಡೋಕೆ ಹೊರಟವ್ನು ಮೊದಲ ಸಾಕ್ಷೀನೇ ಮಳೆಗೆ ಎಸೆದೆ.

ನಂಗೆ ಡೌಟ್ ಇದ್ದಿದ್ದು ಇಲಿ ಮೇಲೆ. ಮಳೆಗಾಲದಲ್ಲಿ ನಮ್ಮ ಕಡೆ ಬಾನೆಟ್ ಒಳಗೆ ಇಲಿ ಸೇರ್ಕೊಳ್ಳೋದು ಗ್ಯಾರಂಟಿ, ಬೆಚ್ಚಗಿರುತ್ತಲ್ಲ. ಹೋದ ವರ್ಷ ಬಾನೆಟ್ ಅಡಿಯ ಹತ್ತಿ ಪದರ ಕಿತ್ತು ಗೂಡು ಕಟ್ಟಿತ್ತು, ಆಮೇಲಿಂದ ಅಮ್ಮ ಹೊಗೆಸೊಪ್ಪು ಕಟ್ಟಿ ಇಡ್ತಾರೆ. ಟಾರ್ಚ್ ಹಿಡಿದು ಕಾಣೋ ವೈರೆಲ್ಲ ನೋಡ್ದೆ, ಹಲ್ಲಿನ ಗುರುತು ಎಲ್ಲೂ ಇಲ್ಲ. ಸರಿ, ಇಲಿ ನಿರಪರಾಧಿ.

ಆಮೇಲೆ ಬ್ಲೂಟೂತ್ ಸ್ಕ್ಯಾನರ್. ಸ್ಟೀರಿಂಗ್ ಕೆಳಗೆ ಗಾಡಿ ಕಂಪ್ಯೂಟರಿನ ಎರರ್ ಓದೋಕೆ ಇರೋ ಓಬಿಡಿ ಸಾಕೆಟ್ಟಿಗೆ ಚುಚ್ಚಿ ಮೊಬೈಲಲ್ಲಿ ನೋಡೋದು, ಅಗ್ಗದ್ದು ಸಾಕು. ಅದೂ ಸರ್ವಿಸ್ ಸೆಂಟರ್ ಹುಡುಗನ ಹಂಗೇ ಎರರ್ ಇಲ್ಲ ಅಂತು. ಬ್ರೇಕ್ ಸ್ವಿಚ್ ಸರ್ಕ್ಯೂಟ್ ತೊಂದ್ರೆ ಇದ್ರೆ ಸಾಮಾನ್ಯವಾಗಿ ಪಿ0571 ಇಲ್ಲಾ ಪಿ0504 ಅಂತ ಕೋಡ್ ಬರುತ್ತಂತೆ, ಅವೆರಡೂ ಇರ್ಲಿಲ್ಲ. ಆದ್ರೆ ಒಂದು ಉಪಯೋಗ ಆಯ್ತು, ಲೈವ್ ಡೇಟಾದಲ್ಲಿ ಸ್ಪೀಡ್ ನೋಡ್ಕೊಂಡು ಸುಂಟಿಕೊಪ್ಪಕ್ಕೆ ಒಂದು ರೌಂಡ್ ಹೋಗಿ ಬಂದೆ, ಅಕ್ಕ ಪಕ್ಕದಲ್ಲಿ ಕೂತು ಜಿಪಿಎಸ್ ಸ್ಪೀಡ್ ಹೇಳ್ತಿದ್ಳು, ಎರಡೂ ಹೆಚ್ಚುಕಮ್ಮಿ ಒಂದೇ, ಎಲ್ಲೂ ಸೊನ್ನೆಗೆ ಬೀಳೋದು ಎಗರೋದು ಇಲ್ಲ. ಚಕ್ರದ ಸ್ಪೀಡ್ ಸೆನ್ಸರ್ ಕೆಟ್ರೆ ಉರಿಯೋ ಎಬಿಎಸ್ ದೀಪಾನೂ ಇಲ್ಲ. ಅಂದ್ರೆ ಸ್ಪೀಡ್ ಸೆನ್ಸರ್ ಒಪ್ಪಿದಾನೆ. ಕೋಡ್ ಇಲ್ಲ ಅಂದ ಮಾತ್ರಕ್ಕೆ ತೊಂದ್ರೆ ಇಲ್ಲ ಅಂತಲ್ಲ, ಇಸಿಯುಗೆ ಬರ್ತಿರೋ ಸುದ್ದಿ ಅದರ ಪ್ರಕಾರ ಅಸಾಧ್ಯ ಅನ್ನಿಸಿದ್ರೆ ಮಾತ್ರ ಅದು ಕೋಡ್ ಬರೆಯುತ್ತೆ, ಸುಳ್ಳು ಸುದ್ದಿ ನಂಬೋ ಹಂಗಿದ್ರೆ ಅದೂ ನಂಬುತ್ತೆ. ಇದು ನಂಗೆ ಅರ್ಥ ಆಗಿದ್ದು ಆಮೇಲೆ.

ಮುಂದಿನದು ಬ್ರೇಕ್. ಕ್ರೂಸ್ ಕೆಟ್ರೆ ಮೊದ್ಲು ಬ್ರೇಕ್ ಲೈಟ್ ನೋಡು ಅಂತ ಎಲ್ಲರೂ ಹೇಳೋದು, ಅದಕ್ಕೆ ಕಾರಣಾನೂ ಇದೆ. ಬ್ರೇಕ್ ಪೆಡಲ್ ಮೇಲಿರೋ ಸ್ವಿಚ್ಚಲ್ಲಿ ಒಳಗೆ ಎರಡು ಬೇರೆ ಬೇರೆ ಕಾಂಟ್ಯಾಕ್ಟ್ ಇರ್ತವೆ, ಒಂದು ಲೈಟಿಗೆ, ಇನ್ನೊಂದು ಇಸಿಯುಗೆ. ಒಂದು ಪೆಡಲ್ ಒತ್ತಿದಾಗ ಸೇರುತ್ತೆ, ಇನ್ನೊಂದು ಒತ್ತಿದಾಗ ಬಿಡುತ್ತೆ. ಎರಡೂ ಉಲ್ಟಾ ಉಲ್ಟಾ ಇದ್ರೆ ಮಾತ್ರ ಇಸಿಯು ನಂಬುತ್ತೆ, ಒಂದು ಸುಟ್ಟೋದ್ರೂ ಇನ್ನೊಂದು ಹೇಳ್ಲಿ ಅಂತ ಈ ವ್ಯವಸ್ಥೆ. ಸಂಜೆ ಕತ್ಲಾದ್ಮೇಲೆ ಗಾಡಿ ಹಿಂಬದಿ ಕಣದ ಗೋಡೆ ಕಡೆ ನಿಲ್ಸಿ ಪೆಡಲ್ ಒತ್ತಿ ಬಿಟ್ಟು ಕನ್ನಡೀಲಿ ನೋಡ್ದೆ, ಎಡ ಬಲ ಮೇಲಿನದು ಮೂರೂ ಕೆಂಪಗೆ ಗೋಡೆ ಮೇಲೆ ಬಂದು ಹೋಗ್ತಿತ್ತು. ಅಲ್ಲಿಗೆ ಲೈಟಿನ ಅರ್ಧ ಸರಿ. ಇನ್ನರ್ಧಕ್ಕೆ ಮಾರನೇ ದಿನ ಬೆಳಿಗ್ಗೆ ಡ್ಯಾಶ್ ಕೆಳಗೆ ತಲೆ ಹಾಕ್ಲೇಬೇಕಾಯ್ತು.

ಆ ಭಂಗಿ ಬಗ್ಗೆ ಒಂದು ಮಾತು ಹೇಳ್ಲೇಬೇಕು. ಸೀಟನ್ನ ಪೂರ್ತಿ ಹಿಂದಕ್ಕೆ ತಳ್ಳಿ, ಬೆನ್ನು ಕೆಳಗೆ ಹಾಕಿ, ಕಾಲೆರಡೂ ಸೀಟ್ ಮೇಲೆ ಹಿಂದಕ್ಕೆ ಏರ್ಸಿ, ತಲೆ ಪೆಡಲ್ ಸಂದೀಲಿ, ಬಾಯಲ್ಲಿ ಟಾರ್ಚು. ಹೊರಗಿಂದ ನೋಡಿದ್ರೆ ಕಾರು ಮನುಷ್ಯನ್ನ ನುಂಗ್ತಿದೆ ಅನ್ನಿಸ್ಬೇಕು. ಅಮ್ಮ ಕಾಫಿ ತಂದವ್ರು ಕುಡಿಯೋದು ಹೆಂಗೆ ಅಂತ ಕೇಳಿ ವಾಪಸ್ ತಗೊಂಡು ಹೋದ್ರು. ಬ್ರೇಕ್ ಸ್ವಿಚ್ಚಿನ ಕನೆಕ್ಟರ್ ಕಿತ್ತು ನಾಲ್ಕು ಪಿನ್ನಿಗೆ ಮಲ್ಟಿಮೀಟರ್ ಬೀಪ್ ಇಟ್ಟು ನೋಡ್ದೆ, ಒಳಗೆ ಕಾಂಟ್ಯಾಕ್ಟ್ ಸೇರಿದ್ರೆ ಬೀಪ್ ಅನ್ನುತ್ತೆ, ಪೆಡಲ್ ಬಿಟ್ಟಾಗ ಒಂದು ಜೋಡಿ ಬೀಪ್ ಇನ್ನೊಂದು ಸೈಲೆಂಟ್, ಒತ್ತಿದಾಗ ಅದಲು ಬದಲು. ಹತ್ತು ಸಲ ಮಾಡ್ದೆ, ಹತ್ತೂ ಸಲ ಸರಿ. ಫ್ಯೂಸೂ ಸರಿ. ಬ್ರೇಕ್ ಒಪ್ಪಿದಾನೆ. ಈ ಪರೀಕ್ಷೆ ಮಾಡೋರು ಕೀ ಆಫ್ ಮಾಡ್ಕೊಂಡು ಮಾಡಿ, ಮತ್ತೆ ಗೇರಲ್ಲಿಟ್ಟು ಹ್ಯಾಂಡ್‌ಬ್ರೇಕ್ ಹಾಕಿ ಚಕ್ರಕ್ಕೆ ಕಲ್ಲು ಕೊಡಿ, ನಮ್ಮ ಅಂಗಳ ಇಳಿಜಾರು, ಪೆಡಲ್ ಸಂದೀಲಿ ತಲೆ ಇಟ್ಕೊಂಡು ಗಾಡಿ ಜಾರಿದ್ರೆ ಕಥೆ ಬೇರೆ.

ಈಗ ಉಳಿದಿದ್ದು ಬಟನ್ನು ಮತ್ತೆ ಕ್ಲಚ್ಚು. ಸರ್ವಿಸ್ ಸೆಂಟರಿನೋರು ಬಟನ್ನೇ ಅಂದಿದ್ರು, ಅದನ್ನ ನೋಡ್ಬೇಕು ಅಂದ್ರೆ ಸ್ಟೀರಿಂಗಿಂದ ಏರ್‌ಬ್ಯಾಗ್ ಬಿಚ್ಬೇಕು. ಬ್ಯಾಟ್ರಿ ನೆಗೆಟಿವ್ ತೆಗೆದು ಸ್ವಲ್ಪ ಹೊತ್ತು ಕಾದು ಬಿಚ್ತಾರೆ, ನೋಡಿದೀನಿ, ಆದ್ರೆ ಮುಖದ ಮುಂದೆ ಸಿಡಿಯೋ ವಸ್ತುನ ಮನೇಲಿ ಬಿಚ್ಚೋ ಹುಚ್ಚು ನಂಗಿಲ್ಲ, ನಿಮಗೂ ಬೇಡ. ಹಂಗಾದ್ರೆ ಬಿಚ್ಚದೇ ಹೆಂಗೆ ನೋಡೋದು ಅಂತ ಎರಡು ದಿನ ಯೋಚ್ನೆ ಮಾಡ್ದೆ. ಕ್ಲಾಕ್ ಸ್ಪ್ರಿಂಗ್ ಅಂದ್ರೆ ಸ್ಟೀರಿಂಗ್ ತಿರುಗಿದ್ರೂ ವೈರ್ ತಿರುಚ್ಕೊಳ್ಳದೇ ಇರ್ಲಿ ಅಂತ ಒಳಗೆ ಸುರುಳಿ ಸುತ್ತಿಟ್ಟಿರೋ ಪಟ್ಟಿ ಕೇಬಲ್ಲು, ಹಾರ್ನು, ಏರ್‌ಬ್ಯಾಗು, ಬಟನ್ನು ಎಲ್ಲಾ ಅದರಲ್ಲೇ ಹಾದು ಬರೋದು. ಹಾರ್ನ್ ಹೊಡೀತಿದೆ, ವಾಲ್ಯೂಮ್ ಬಟನ್ ಕೆಲ್ಸ ಮಾಡ್ತಿದೆ, ಏರ್‌ಬ್ಯಾಗ್ ದೀಪ ಉರೀತಿಲ್ಲ, ಹಂಗಾಗಿ ಪಟ್ಟಿ ತುಂಡಾಗಿರೋ ಚಾನ್ಸ್ ಕಮ್ಮಿ. ಆದ್ರೆ ಸೆಟ್ ಬಟನ್ ಒಂದೇ ಹೋಗಿದ್ರೆ?

ಅವಾಗ ಹೊಳೀತು. ನನ್ ಗಾಡೀಲಿ ಸ್ಪೀಡ್ ಲಿಮಿಟರ್ ಅಂತ ಇನ್ನೊಂದು ಇದೆ, ನಾನ್ಯಾವತ್ತೂ ಮುಟ್ಟಿಲ್ಲ, ಅದಕ್ಕೆ ಸೆಟ್ ಮಾಡೋದೂ ಇದೇ ಬಟನ್ನಲ್ಲೇ. ಕ್ರೂಸು ಗಾಡಿನ ತಾನೇ ಓಡ್ಸುತ್ತೆ, ಲಿಮಿಟರ್ ಓಡ್ಸಲ್ಲ, ಹಾಕಿದ ಸ್ಪೀಡಿನ ಮೇಲೆ ಹೋಗೋಕೆ ಬಿಡಲ್ಲ ಅಷ್ಟೇ. ಓಡ್ಸೋದು ನಾವೇ ಆದ್ರಿಂದ ಗೇರ್ ಬದಲಾಯಿಸೋಕೆ ಕ್ಲಚ್ ಒತ್ತಿದ್ರೂ ಅದು ಬಿಟ್ಟು ಹೋಗಲ್ಲ. ಅದಕ್ಕೂ ಮೇಲೆ ಇದನ್ನ ನಮ್ಮ ರೋಡಲ್ಲೇ ಟೆಸ್ಟ್ ಮಾಡ್ಬೋದು! ಮಧ್ಯಾಹ್ನ ಮಳೆ ಸ್ವಲ್ಪ ಬಿಟ್ಟಾಗ ಹೊರಟೆ, ಲಿಮಿಟರ್ ಹಾಕಿ 50ರಲ್ಲಿ ಸೆಟ್ ಒತ್ತಿದ್ರೆ ಟಿಂಗ್ ಅಂತ ನಂಬರ್ ಬಂತು. ಆಕ್ಸಿಲರೇಟರ್ ತುಳಿದ್ರೂ ಗಾಡಿ 50 ದಾಟ್ತಿಲ್ಲ. ಕೂಡ್ಲೇ ಕ್ರೂಸಿಗೆ ಬದಲಾಯಿಸಿ ಅದೇ ಬಟನ್ ಒತ್ತಿದ್ರೆ ಸತ್ತ ಹಂಗೆ. ಅದೇ ಬಟನ್ನು, ಅದೇ ವೈರು, ಅದೇ ಕ್ಲಾಕ್ ಸ್ಪ್ರಿಂಗು, ಒಂದಕ್ಕೆ ಮಾತಾಡುತ್ತೆ ಇನ್ನೊಂದಕ್ಕೆ ಮಾತಾಡಲ್ಲ. ಅಂದ್ರೆ 16,500 ರೂಪಾಯಿ ಪಾರ್ಟು ಎರಡೂ ಸರಿಯಾಗೇ ಇವೆ. ರೋಡ್ ಸೈಡಲ್ಲಿ ಗಾಡಿ ನಿಲ್ಸಿ ಒಬ್ನೇ ನಕ್ಕಿದ್ದು ನೆನಪಿದೆ.

ಮೂಲೇಲಿ ಕೂತಿದ್ದ ದೊಡ್ಡಪ್ಪ ಕ್ಲಚ್ಚು ಅಂತಾಯ್ತು. ಕ್ಲಚ್ ಒತ್ತಿರುವಾಗ ಕ್ರೂಸ್ ಇದ್ರೆ ಎಂಜಿನ್ ಲೋಡ್ ಇಲ್ಲದೇ ರೊಯ್ಯನೆ ಏರುತ್ತೆ, ಅದಕ್ಕೇ ಕ್ಲಚ್ ಮುಟ್ಟಿದ್ ತಕ್ಷಣ ಬಿಡ್ಬೇಕು ಅಂತ ಅಲ್ಲೊಂದು ಸ್ವಿಚ್ಚು. ಮತ್ತೆ ಅದೇ ಭಂಗಿ. ಈ ಸಲ ಕ್ಲಚ್ ಸೈಡಲ್ಲಿ ಕಣ್ಣಿಗೆ ಕಾಣೋ ಹಂಗೇ ಇಲ್ಲ, ಸ್ಟೀರಿಂಗ್ ಕಂಬ ಅಡ್ಡ, ಟಾರ್ಚ್ ಬೆಳಕು ಬೀಳಲ್ಲ, ಬೆರಳಲ್ಲೇ ನೋಡ್ಬೇಕು. ಅಂದ ಹಂಗೆ ಈ ಕ್ರೂಸ್ ಕಂಟ್ರೋಲ್ ಕಂಡು ಹಿಡಿದ ರಾಲ್ಫ್ ಟೀಟರ್ ಅನ್ನೋ ಅಮೆರಿಕದ ಎಂಜಿನಿಯರಿಗೆ ಚಿಕ್ಕ ವಯಸ್ಸಿಂದ ಕಣ್ಣೇ ಕಾಣ್ತಿರ್ಲಿಲ್ಲ, ಅವರ ವಕೀಲರು ಕಾರ್ ಓಡಿಸ್ತಾ ಮಾತಾಡುವಾಗ ನಿಧಾನ ಮಾಡೋದು, ಕೇಳುವಾಗ ಜೋರು ಮಾಡೋದು ಮಾಡ್ತಿದ್ರಂತೆ, ಆ ಕುಲುಕಾಟ ತಡೀಲಾರದೇ ಇದನ್ನ ಮಾಡಿದ್ದು ಅಂತ ಹೇಳ್ತಾರೆ. ಪೇಟೆಂಟ್ ಸಿಕ್ಕಿದ್ದು 1950ರಲ್ಲಿ, ಕಾರಲ್ಲಿ ಬಂದಿದ್ದು 1958ರಲ್ಲಿ ಕ್ರೈಸ್ಲರಿನ ಇಂಪೀರಿಯಲ್ಲಿನಲ್ಲಿ. ಎರಡು ಕಣ್ಣಿದ್ದೂ ಕಾಣದೇ ಡ್ಯಾಶ್ ಕೆಳಗೆ ತಡಕಾಡ್ತಾ ನಂಗೆ ಆ ಮನುಷ್ಯನ ಮೇಲೆ ಬಂದ ಗೌರವ ಅಷ್ಟಿಷ್ಟಲ್ಲ.

ತಡಕಾಡಿ ಸ್ವಿಚ್ ಸಿಕ್ತು. ಕನೆಕ್ಟರ್ ಕಿತ್ತು ಎರಡು ಪಿನ್ನಿಗೆ ಮೀಟರ್ ಹಿಡಿದೆ. ಪೆಡಲ್ ಒತ್ತಿದ್ರೂ ಸೈಲೆಂಟು, ಬಿಟ್ರೂ ಸೈಲೆಂಟು. ಸ್ವಿಚ್ ಸತ್ತಿದೆ ಅಂತಲೇ ಅಂದ್ಕೊಂಡೆ. ಆದ್ರೆ ಪಂಪ್‌ಸೆಟ್ ಅನುಭವದಿಂದ ಒಂದು ಅಭ್ಯಾಸ, ಬದಲಾಯಿಸೋಕೆ ಮುಂಚೆ ಕೈಯಲ್ಲಿ ಒತ್ತಿ ನೋಡೋದು. ಅದರ ತುದೀಲಿ ಪೆನ್ನಿನ ರೀಫಿಲ್ಲಿಗಿಂತ ಸ್ವಲ್ಪ ದಪ್ಪದ ಕಡ್ಡಿ ಇರುತ್ತೆ, ಬೆರಳಲ್ಲಿ ಒಳಗೆ ತಳ್ಳಿದೆ, ಬೀಪ್. ಬಿಟ್ಟೆ, ಸೈಲೆಂಟ್. ಸ್ವಿಚ್ ಗಟ್ಟಿಮುಟ್ಟಾಗಿದೆ, ಅದನ್ನ ಒತ್ತಬೇಕಾದ್ದೇ ಎಂತದೋ ಒತ್ತುತ್ತಿಲ್ಲ. ಮೊಬೈಲ್ ಕ್ಯಾಮೆರಾ ಒಳಗೆ ತೂರ್ಸಿ ವಿಡಿಯೋ ಮಾಡ್ದೆ, ಹೊರಗೆ ಬಂದು ಜೂಮ್ ಮಾಡಿ ನೋಡಿದ್ರೆ ಕ್ಲಚ್ ಪೆಡಲಿನ ತೋಳಲ್ಲಿ ಒಂದು ಕಬ್ಬಿಣದ ಪಟ್ಟಿ, ಪಟ್ಟಿ ಮಧ್ಯ ಒಂದು ರೌಂಡ್ ತೂತು, ಸ್ವಿಚ್ಚಿನ ಕಡ್ಡಿ ಆ ತೂತಲ್ಲಿ ನೆಟ್ಟಗೆ ತೂರ್ಕೊಂಡು ಆಚೆ ಕಡೆ ಇಣುಕ್ತಿದೆ, ಬಿಲದಿಂದ ಹೆಗ್ಗಣ ಮೂತಿ ಹಾಕ್ದಂಗೆ. ಆ ತೂತಿನ ಅಂಚಲ್ಲಿ ಉಗುರಿನಷ್ಟು ಹಳದಿ ಪ್ಲಾಸ್ಟಿಕ್ ಚೂರು ಇನ್ನೂ ಕಚ್ಕೊಂಡು ಕೂತಿತ್ತು.

ಹಳದಿ. ಕ್ರಯಾನ್ ಹಳದಿ.

ಆ ತೂತಿಗೆ ಒಂದು ಪ್ಲಾಸ್ಟಿಕ್ ಗುಂಡಿ ಇರುತ್ತೆ, ಸ್ಟಾಪರ್ ಅಂತಾರೆ, ಅಂಗಿ ಗುಂಡಿಗಿಂತ ಸ್ವಲ್ಪ ದೊಡ್ಡದು, ಪೆಡಲ್ ಮೇಲೆ ಬಂದಾಗ ಅದು ಹೋಗಿ ಕಡ್ಡಿನ ಒತ್ತುತ್ತೆ. ವರ್ಷ ಕಳೆದಂಗೆ ಬಿಸಿಲಿಗೆ ಕಾದು ಕಾದು ಪೊಳ್ಳಾಗಿ ಪುಡಿಯಾಗುತ್ತೆ. ಮೊದ್ಲು ಬಿರುಕು ಬಿಟ್ಟು ಅಲ್ಲಾಡ್ತಿತ್ತು, ಅದಕ್ಕೇ ಸೇತುವೆ ಜಾಯಿಂಟಲ್ಲಿ ಕುಣಿದಾಗ ಮಾತ್ರ ಕ್ರೂಸ್ ಬಿಡ್ತಿತ್ತು. ಪೂರ್ತಿ ಉದುರಿದ ಮೇಲೆ ಇಸಿಯು ಪ್ರಕಾರ ನಾನು ಇಷ್ಟು ದಿನದಿಂದ ಕ್ಲಚ್ ಮೇಲೆ ಕಾಲಿಟ್ಕೊಂಡೇ ಇದೀನಿ. ಕ್ಲಚ್ ಮೇಲೆ ಕಾಲಿಟ್ಟು ಓಡ್ಸೋರು ನಮ್ಮೂರಲ್ಲಿ ಬೇಕಾದಷ್ಟು ಜನ ಇದಾರೆ, ಇಸಿಯುಗೆ ಅದು ಅಸಾಧ್ಯ ಅನ್ನಿಸ್ಲಿಲ್ಲ, ಎರರ್ ಬರೀಲಿಲ್ಲ.

ಖಾತ್ರಿ ಮಾಡ್ಕೊಳ್ಳೋಕೆ ತೂತು ಮುಚ್ಚಿ ನೋಡ್ಬೇಕಿತ್ತು. ಅಮ್ಮನ ಹಳೇ ಡಬ್ಬೀಲಿ ನಾಲ್ಕಾಣೆ ನಾಣ್ಯ ಇದ್ವು, 2011ರಲ್ಲೇ ಚಲಾವಣೆ ನಿಂತ 25 ಪೈಸೆ, ತೂತು ಪೂರ್ತಿ ಮುಚ್ಚೋಷ್ಟು ಅಗಲ. ಇನ್ಸುಲೇಷನ್ ಟೇಪಲ್ಲಿ ಒಂದನ್ನ ಪಟ್ಟಿಗೆ ಅಂಟಿಸ್ದೆ. ಪೆಡಲ್ ಬಿಟ್ರೆ ಬೀಪ್, ಒತ್ತಿದ್ರೆ ಸೈಲೆಂಟ್. ಇಪ್ಪತ್ತು ಸಲ ಮಾಡ್ದೆ, ಸಂತೋಷಕ್ಕೆ. ಅಮ್ಮ "ನಾಲ್ಕಾಣೆಗೂ ಒಂದು ಕಾಲ ಬಂತಲ್ಲ" ಅಂದ್ರು. ಹಂಗೇ ಬಿಟ್ಟು ಓಡ್ಸಿದ್ರೂ ಕೆಲ್ಸ ನಡೀತಿತ್ತು, ಆದ್ರೆ ಟೇಪ್ ಬಿಟ್ಟು ನಾಣ್ಯ ಬಿದ್ದು ಪೆಡಲ್ ಸಂದೀಲಿ ಸಿಕ್ಕಾಕೊಂಡ್ರೆ? ತೆಗೆದು ಡಬ್ಬಿಗೇ ಹಾಕ್ದೆ. ಕೆಲವ್ರು ತೂತಿಗೆ ನಟ್ಟು ಬೋಲ್ಟು ಹಾಕ್ತಾರೆ, ಕೆಲವ್ರು ಸ್ವಿಚ್ಚನ್ನೇ ಸಡಿಲ ಮಾಡಿ ಮುಂದಕ್ಕೆ ತಿರುಗ್ಸಿ ಪಟ್ಟಿಗೆ ತಾಗಿಸ್ತಾರೆ. ಎರಡನೇದು ಮಾತ್ರ ಬೇಡ್ವೇ ಬೇಡ, ಕಡ್ಡಿಗೆ ಕಬ್ಬಿಣ ಉಜ್ಜಿ ಸ್ವಿಚ್ಚೂ ಹೋಗುತ್ತೆ, ಅಳತೆನೂ ಹೋಗುತ್ತೆ.

ಮಾರನೇ ದಿನ ಕುಶಾಲನಗರ. ಹೋಗೋಕೆ ಮುಂಚೆ ತೂತಿನ ಅಳತೆ ಬೇಕಿತ್ತು, ವರ್ನಿಯರ್ ಇಲ್ಲ, ಡ್ರಿಲ್ ಬಿಟ್ಟುಗಳನ್ನ ಒಂದೊಂದಾಗಿ ತೂರ್ಸಿ ನೋಡ್ದೆ, 9 ಎಂಎಂ ಲೂಸು, 10 ಹೋಗಲ್ಲ, ಒಂಬತ್ತೂವರೆ ಸರಿಯಾಗಿ ಕೂತ್ತು. ಮೊದಲ ಸ್ಪೇರ್ಸ್ ಅಂಗಡೀಲಿ ಕಂಪ್ಯೂಟರ್ ನೋಡಿ ಅದು ಬಿಡಿಯಾಗಿ ಬರಲ್ಲ, ಪೆಡಲ್ ಅಸೆಂಬ್ಲಿ ಜೊತೆಗೇ ಬರೋದು ಅಂದ್ರು. ಎರಡನೇ ಅಂಗಡಿ ಸಣ್ಣದು, ವಯಸ್ಸಾದ ಯಜಮಾನ್ರು, ನಾನು ಪೇಪರ್ ಮೇಲೆ ಗೀಚಿದ ಚಿತ್ರ ನೋಡ್ತಿದ್ದಂಗೇ ಎದ್ದು ಹೋಗಿ ಹಾರ್ಲಿಕ್ಸ್ ಬಾಟ್ಲಿ ತಂದು ಮೇಜಿನ ಮೇಲೆ ಸುರಿದ್ರು, ನಾನಾ ಬಣ್ಣದ ಗುಂಡಿಗಳು. "ಯಾವ ಗಾಡಿದು ಅಂತ ಕೇಳ್ಬೇಡಿ, ಅಳತೆ ಕೂತ್ರೆ ಆಯ್ತು, ವಾರಕ್ಕೆ ಒಬ್ರಾದ್ರೂ ಬರ್ತಾರೆ" ಅಂದ್ರು. ಡ್ರಿಲ್ ಬಿಟ್ ಜೇಬಲ್ಲೇ ಇತ್ತು, ಹೋಲ್ಸಿ ನೋಡಿ ನೀಲಿದು ಎರಡು ತಗೊಂಡೆ, ಒಂದಕ್ಕೆ 30 ರೂಪಾಯಿ.

ಎರಡು ಯಾಕೆ ಅಂದ್ರೆ ಬ್ರೇಕ್ ಪೆಡಲಲ್ಲೂ ಅಂಥದ್ದೇ ಒಂದಿದೆ, ಅದಕ್ಕೂ ಅಷ್ಟೇ ವಯಸ್ಸು. ಮನೆಗೆ ಬಂದು ವಿಡಿಯೋ ಮಾಡಿ ನೋಡಿದ್ರೆ ಅದ್ರಲ್ಲೂ ಕೂದಲೆಳೆ ಬಿರುಕು. ಅದೇನಾದ್ರೂ ಉದುರಿದ್ರೆ ಕ್ರೂಸ್ ಹೋಗೋದು ಸಣ್ಣ ವಿಷ್ಯ, ಬ್ರೇಕ್ ಲೈಟ್ ಸದಾ ಉರೀತಾನೇ ಇರುತ್ತೆ, ರಾತ್ರಿಯೆಲ್ಲಾ ಉರಿದು ಬೆಳಿಗ್ಗೆ ಬ್ಯಾಟ್ರಿ ಸತ್ತಿರುತ್ತೆ, ಅದಕ್ಕಿಂತ ಹೆಚ್ಚು ಅಂದ್ರೆ ನಾವು ನಿಜವಾಗ್ಲೂ ಬ್ರೇಕ್ ಹಾಕಿದಾಗ ಹಿಂದಿನವ್ನಿಗೆ ಗೊತ್ತೇ ಆಗಲ್ಲ. ಬೆಳಿಗ್ಗೆ ಗಾಡಿ ಹತ್ರ ಹೋದಾಗ ಹಿಂದೆ ಕೆಂಪು ದೀಪ ಉರೀತಿದ್ರೆ ಮೊದ್ಲು ಮ್ಯಾಟ್ ನೋಡಿ.

ಹಾಕೋದು ಐದು ನಿಮಿಷದ ಕೆಲ್ಸ ಅಂತ ಹೇಳ್ತಾರೆ, ನಂಗೆ ಒಂದೂವರೆ ಗಂಟೆ ಹಿಡೀತು. ಗುಂಡಿ ಹಿಂದೆ ಕೊಡೆ ಥರ ಬಿಚ್ಕೊಳ್ಳೋ ಕಾಲಿದೆ, ತೂತಿಗೆ ಒತ್ತಿದ್ರೆ ಟಪ್ ಅಂತ ಕೂರ್ಬೇಕು. ಕೈ ಹೋಗೋ ಜಾಗದಲ್ಲಿ ಬಲ ಸಿಗಲ್ಲ, ಬಲ ಸಿಗೋ ಕಡೆಯಿಂದ ಕೈ ಹೋಗಲ್ಲ. ಒಂದು ಸಲ ಕೈ ಜಾರಿ ಗುಂಡಿ ಕಾರ್ಪೆಟ್ ಸಂದಿಗೆ ಹೋಯ್ತು, ಅಕ್ಕನ ಮಗನೇ ಸಣ್ಣ ಕೈ ಹಾಕಿ ತೆಗೆದುಕೊಟ್ಟ, ಬೈಸ್ಕೊಂಡಿದ್ದು ಮರೆತಿರ್ಲಿಲ್ಲ, ಮುಖ ಗಂಟು ಹಾಕ್ಕೊಂಡೇ ಕೊಟ್ಟ. ಕೊನೆಗೆ ಗುಂಡಿ ಕಾಲಿಗೆ ಸೋಪ್ ನೀರು ಸವರಿ, ಕಟಿಂಗ್ ಪ್ಲೇಯರ್ ಹಲ್ಲಿಗೆ ಬಟ್ಟೆ ಸುತ್ತಿ, ಪಟ್ಟಿ ಸಮೇತ ಹಿಡಿದು ಅಮುಕಿದ್ಮೇಲೆ ಟಪ್. ಅಷ್ಟೊತ್ತಿಗೆ ಕುತ್ತಿಗೆ ಹತ್ರ ತಣ್ಣಗೆ ಎಂತದೋ ಅನ್ನಿಸ್ತು, ಬೆವರು ಅಂದ್ಕೊಂಡೆ, ಜಿಗಣೆ.

ಇನ್ನು ಟೆಸ್ಟು. ಸುಂಟಿಕೊಪ್ಪದಿಂದ ಕುಶಾಲನಗರಕ್ಕೆ ಸುಮಾರು 15 ಕಿಲೋಮೀಟ್ರು, ಮಧ್ಯ ಆನೆಕಾಡಲ್ಲಿ ರೋಡೇನೋ ಚೆನ್ನಾಗಿದೆ, ಆದ್ರೆ ಹೆಸರೇ ಹೇಳುತ್ತಲ್ಲ, ಆನೆ ಯಾವಾಗ ರೋಡ್ ದಾಟುತ್ತೋ, ಅಲ್ಲಿ ಕಾಲು ಬ್ರೇಕ್ ಮೇಲೇ ಇರ್ಬೇಕು. ಒದ್ದೆ ರೋಡಲ್ಲೂ ಕ್ರೂಸ್ ಹಾಕ್ಬಾರ್ದು, ನೀರಿನ ಮೇಲೆ ಚಕ್ರ ತೇಲಿದ್ರೆ ಅದಕ್ಕೆ ಗೊತ್ತಾಗಲ್ಲ, ಎಳೀತಾನೇ ಇರುತ್ತೆ. ಹಂಗಾಗಿ ನಾಲ್ಕು ದಿನ ಕಾದೆ. ಐದನೇ ದಿನ ಬಿಸಿಲು ಬಂತು, ಅಮ್ಮ, ಅಕ್ಕ, ಹುಡುಗ ಎಲ್ಲರನ್ನೂ ಹತ್ತಿಸ್ಕೊಂಡು ಕುಶಾಲನಗರ ದಾಟಿ, ಕಾವೇರಿ ಸೇತುವೆ ದಾಟಿ, ಕೊಪ್ಪ ಬೈಲಕುಪ್ಪೆ ಕಳೆದು ಪಿರಿಯಾಪಟ್ಟಣ ಕಡೆ ಹೋದೆ. ನನ್ ಗಾಡಿ ರಿಪೇರಿ ಆಗಿದ್ಯಾ ಅಂತ ನೋಡೋಕೆ ಜಿಲ್ಲೆ ಬಿಟ್ಟು ಮೈಸೂರು ಜಿಲ್ಲೆಗೆ ಹೋಗ್ಬೇಕಾಯ್ತು, ಜೀಪ್ ಮಾವನಿಗೆ ಇದನ್ನ ಹೇಳಿಲ್ಲ.

ಶುಂಠಿ, ಜೋಳ, ಹೊಗೆಸೊಪ್ಪಿನ ಹೊಲಗಳ ಮಧ್ಯ ರೋಡ್ ನೆಟ್ಟಗೆ ಖಾಲಿ ಸಿಕ್ಕಿದ ಕಡೆ 60ಕ್ಕೆ ತಂದು ಸೆಟ್ ಒತ್ತಿದೆ. ಬಿಳಿ ದೀಪ ಹಸಿರಾಯ್ತು, ಪಕ್ಕದಲ್ಲಿ 60. ಕಾಲು ತೆಗೆದೆ. ಗಾಡಿ ಎಳ್ಕೊಂಡು ಹೋಗ್ತಾ ಇದೆ. ಯಾರೂ ಮಾತಾಡ್ತಿಲ್ಲ. ಕ್ಲಚ್ ಮೆಲ್ಲಗೆ ಮುಟ್ಟಿದೆ, ಬಿಡ್ತು, ರೆಸ್ಯೂಮ್, ಹಿಡ್ಕೊಳ್ತು. ಬ್ರೇಕ್ ಮುಟ್ಟಿದೆ, ಬಿಡ್ತು. ಅಮ್ಮ "ಇಷ್ಟಕ್ಕೇನಾ?" ಅಂದ್ರು. ಇಷ್ಟಕ್ಕೇ.

ವಾಪಸ್ ಬರ್ತಾ ಕುಶಾಲನಗರದಲ್ಲಿ ಹುಡುಗನಿಗೆ 24 ಬಣ್ಣದ ಕ್ರಯಾನ್ ಡಬ್ಬ ತೆಗೆಸಿಕೊಟ್ಟೆ, ತಪ್ಪು ಕಾಣಿಕೆ. ಮೇನ್ ರೋಡಲ್ಲಿ ಎಂದಿನ ಹಂಗೆ ಜಾಮು, ಮುಂದೆ ಬಸ್ಸು ನಿಂತಿತ್ತು, ನ್ಯೂಟ್ರಲ್ ಮಾಡಿ ಕ್ಲಚ್ ಬಿಟ್ಟೆ. ಎಂಜಿನ್ ಟಪ್ ಅಂತ ಆಫ್ ಆಯ್ತು. ಒಂದು ಕ್ಷಣ ನಂಗೂ ಎದೆ ಧಸಕ್ ಅಂತು, ಆಮೇಲೆ ತಲೆಗೆ ಹೋಯ್ತು, ಬ್ಯಾಟ್ರಿ ವೀಕ್ ಆಗಿರ್ಲೇ ಇಲ್ಲ, ಮ್ಯಾನ್ಯುಯಲ್ ಗಾಡೀಲಿ ಕ್ಲಚ್ ಬಿಟ್ಟಿದಾರೆ ಅಂತ ಗೊತ್ತಾದ್ರೆ ತಾನೇ ಸ್ಟಾರ್ಟ್-ಸ್ಟಾಪ್ ಎಂಜಿನ್ ಆಫ್ ಮಾಡೋದು, ಇಷ್ಟು ದಿನ ಅದಕ್ಕೂ ಅದೇ ಸುಳ್ಳು ಸುದ್ದಿ ಹೋಗ್ತಿತ್ತು. ಗಾಡಿಯೊಳಗೆ ಪೂರ್ತಿ ನಿಶ್ಶಬ್ದ. ಹಿಂದಿನ ಸೀಟಿಂದ ಕ್ರಯಾನ್ ಡಬ್ಬ ಎದೆಗವುಚ್ಕೊಂಡು ಹುಡುಗ ಕಿರುಚ್ದ, "ಮಾವ, ನಾನೇನೂ ಮಾಡಿಲ್ಲ!"